ಗುಮಾಸ್ತರು ಬದಲಾದಾಗ ಕಂಪ್ಯೂಟರಿನ ಖಾತೆಯನ್ನು ಏನು ಮಾಡಬೇಕು?



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು: "ಕೆಲಸ ಬಿಟ್ಟು ಹೋದ ಗುಮಾಸ್ತರ ಹೆಸರು ಇನ್ನೂ ಸಂಘದ ಕಂಪ್ಯೂಟರಿನಲ್ಲಿ ಇದೆಯಂತೆ, ಹೌದೋ ಅಲ್ಲವೋ?" ಹೌದು ಎಂದೇ ನಾವು ಉತ್ತರ ಕೊಡಬೇಕಾಯಿತು. ಅವರು ಹೋಗಿ ಆಗಲೇ ಏಳು ತಿಂಗಳಾಗಿತ್ತು. ತಿಜೋರಿಯ ಕೀಲಿಕೈಯನ್ನು ಅದೇ ದಿನ ರುಜು ಹಾಕಿಸಿ ವಾಪಸು ಪಡೆದಿದ್ದೆವು. ಕಂಪ್ಯೂಟರಿನ ಕೀಲಿಕೈ ಮಾತ್ರ ಅವರ ಹತ್ತಿರವೇ ಉಳಿದಿತ್ತು. ತಪ್ಪು ಕಾರ್ಯದರ್ಶಿಗಳಾದ ನಮ್ಮದೇ.

ಆ ಗುಮಾಸ್ತರು ಪ್ರಾಮಾಣಿಕರು. ಏನೂ ಅನಾಹುತವಾಗಲಿಲ್ಲ. ಆದರೆ ಆ ಏಳು ತಿಂಗಳಲ್ಲಿ ಬೇರೆ ಯಾರಾದರೂ ಅವರ ಹೆಸರಿನಿಂದ ಒಳಹೊಕ್ಕು ಒಂದು ತೂಕದ ಚೀಟಿಯನ್ನೋ ಸಾಲದ ನಮೂದನ್ನೋ ತಿದ್ದಿದ್ದರೆ, ಲೆಕ್ಕ ತಪಾಸಣೆಯಲ್ಲಿ ಮೊದಲು ಬರುತ್ತಿದ್ದುದು ಅವರದೇ ಹೆಸರು. ತೆರೆದಿಟ್ಟ ಖಾತೆಯಿಂದ ಸಂಘಕ್ಕೆ ಎಷ್ಟು ಅಪಾಯವೋ ಬಿಟ್ಟು ಹೋದವರ ಮರ್ಯಾದೆಗೂ ಅಷ್ಟೇ ಅಪಾಯ. ಆದ್ದರಿಂದ ಈ ಕೆಲಸ ಹೇಗೆ ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಬರೆಯಲು ಆಡಳಿತ ಮಂಡಳಿ ಸೂಚಿಸಿದೆ. ಸಣ್ಣ ತೋಟದವರಿಗೆ ಇದೆಲ್ಲ ಏಕೆ ಎಂದು ಕೇಳಬೇಡಿ. ಆ ಯಂತ್ರದೊಳಗೆ ಇರುವುದು ನಿಮ್ಮ ಅಡಿಕೆಯ ತೂಕ, ನಿಮ್ಮ ಕಾಫಿಯ ಮುಂಗಡ, ನಿಮ್ಮ ಷೇರಿನ ಹಣ.

ಸಂಶಿಯ ಉತಾರದಿಂದ ಕಲಿತ ಪಾಠ

ಮಹಾಸಭೆ ಮುಗಿದ ಮೇಲೆ ನಾವು ಕುಂದಗೋಳ ತಾಲ್ಲೂಕಿನ ಸಂಶಿಗೆ ಹೋಗಬೇಕಾಗಿ ಬಂತು. ಅದು ನಮ್ಮ ಹಿರಿಯರ ಊರು. ಅಡಿಕೆ ಕಾಫಿಗಳ ನೆರಳಿನಿಂದ ದೂರದ ಎರೆಭೂಮಿ, ಹತ್ತಿ ಮೆಣಸಿನಕಾಯಿಗಳ ಸೀಮೆ. ಅಲ್ಲಿಯ ಹೊಲದ ಉತಾರದಲ್ಲಿ ತಂದೆಯವರ ಹೆಸರು ಹೋಗಿ ವಾರಸಾ ಪ್ರಕಾರ ನಮ್ಮ ಹೆಸರು ಬರಬೇಕಾಗಿತ್ತು. ಹೊಸ ಉತಾರ ಕೈಗೆ ಬಂದಾಗ ನೋಡಿದರೆ ಹೆಸರು ಬದಲಾಗಿದೆ, ಸರ್ವೆ ನಂಬರು ಅದೇ ಇದೆ. ಅಜ್ಜನ ಕಾಲದಲ್ಲೂ ಅದೇ, ನಾಳೆ ನಮ್ಮ ಮಕ್ಕಳ ಕಾಲದಲ್ಲೂ ಅದೇ. ಹೊಲವನ್ನು ಹಿಡಿದಿಟ್ಟಿರುವುದು ನಂಬರು. ಹೆಸರು ಆ ನಂಬರಿನ ಮುಂದೆ ಬರೆದ ಗುರುತು.

ಈ ಉತಾರಗಳು ಕಂಪ್ಯೂಟರಿಗೆ ಬಂದುದು 'ಭೂಮಿ' ಯೋಜನೆಯಲ್ಲಿ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕದಿಂದ ಯಂತ್ರಕ್ಕೆ ಏರಿಸಿತು. ಆ ಯೋಜನೆಯಲ್ಲಿ ಒಂದು ಒಳ್ಳೆಯ ಕಟ್ಟಳೆ ಇತ್ತು. ದಾಖಲೆ ತಿದ್ದುವ ನೌಕರನು ಪಾಸ್‌ವರ್ಡಿನ ಬಲದ ಮೇಲೆ ಮಾತ್ರ ಒಳಗೆ ಹೋಗುವಂತಿರಲಿಲ್ಲ, ಬೆರಳಿನ ಗುರುತನ್ನೂ ಕೊಡಬೇಕಾಗಿತ್ತು. ತಿದ್ದಿದವರು ಯಾರು ಎಂಬ ಪ್ರಶ್ನೆ ಬಂದಾಗ "ನಾನಲ್ಲ" ಎಂದು ಜಾರಿಕೊಳ್ಳಲು ಆಗಬಾರದು, ತಿದ್ದದವನ ಮೇಲೆ ಸುಳ್ಳು ಆರೋಪವೂ ಬರಬಾರದು ಎಂಬುದು ಅದರ ಉದ್ದೇಶ. ನಮ್ಮ ಸಂಘಕ್ಕೂ ಬೇಕಾದುದು ಇದೇ.

ಯಂತ್ರದೊಳಗಿನ ಮೂರು ಪುಸ್ತಕಗಳು

ನಮ್ಮ ಕಚೇರಿಯ ಮುಖ್ಯ ಯಂತ್ರ ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ. ಇದು ಯುನಿಕ್ಸ್ ಮನೆತನಕ್ಕೆ ಸೇರಿದ್ದು. ಯುನಿಕ್ಸನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದೇ ಮಾದರಿಯಲ್ಲಿ ಲಿನಕ್ಸನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸಬೇಕು ಎಂಬ ಉದ್ದೇಶದಿಂದಲೇ ಹುಟ್ಟಿದ ವ್ಯವಸ್ಥೆಯಾದ್ದರಿಂದ, ಯಾರು ಯಾರು, ಯಾರಿಗೆ ಎಷ್ಟು ಹಕ್ಕು ಎಂಬ ಲೆಕ್ಕ ಅದರಲ್ಲಿ ಬಲು ಕಟ್ಟುನಿಟ್ಟು.

ಈ ಲೆಕ್ಕ ಮೂರು ಪುಸ್ತಕಗಳಲ್ಲಿದೆ. ಮೊದಲನೆಯದರ ಹೆಸರು 'ಪಾಸ್‌ಡಬ್ಲ್ಯುಡಿ'. ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು, ಒಂದು ಸಾಲಿನಲ್ಲಿ ಏಳು ಕಲಮುಗಳು: ಪ್ರವೇಶದ ಹೆಸರು, ಪಾಸ್‌ವರ್ಡಿನ ಜಾಗ, ಬಳಕೆದಾರರ ನಂಬರು, ಮುಖ್ಯ ಗುಂಪಿನ ನಂಬರು, ಪೂರ್ಣ ಹೆಸರು, ಅವರ ಮನೆ ಎನ್ನುವ ಫೈಲುಗಳ ಕೋಣೆ, ಕೊನೆಗೆ ಆಜ್ಞೆಗಳನ್ನು ಕೇಳಿಸಿಕೊಳ್ಳುವ 'ಶೆಲ್'. ಎರಡನೆಯದು 'ಶ್ಯಾಡೋ'. ಪಾಸ್‌ವರ್ಡಿನ ಗುಪ್ತರೂಪವೂ ಖಾತೆಯ ಅವಧಿಯೂ ಅದರಲ್ಲಿರುತ್ತವೆ. ಸಾಮಾನ್ಯ ಬಳಕೆದಾರರು ಅದನ್ನು ತೆರೆದು ಓದಲಾರರು. ಮೂರನೆಯದು 'ಗ್ರೂಪ್'. ಯಾವ ಗುಂಪಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಅದು.

ಇಲ್ಲಿಯೂ ಸಂಶಿಯ ಉತಾರದ ನ್ಯಾಯವೇ. ಫೈಲು ಯಾರದು ಎಂದು ಯಂತ್ರ ಗುರುತಿಸುವುದು ಹೆಸರಿನಿಂದಲ್ಲ, ನಂಬರಿನಿಂದ. ಯಜಮಾನನ ನಂಬರು 0, ಅವನಿಗೆ 'ರೂಟ್' ಎಂದು ಹೆಸರು. ಹೆಚ್ಚಿನ ಲಿನಕ್ಸ್‌ಗಳಲ್ಲಿ ಸಾಮಾನ್ಯ ಬಳಕೆದಾರರ ನಂಬರು 1000ದಿಂದ ಶುರುವಾಗುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದುದೆಲ್ಲ ಸುಲಭ.

ಯೂಸರ್‌ಮಾಡ್ ಎಂಬ ಆಜ್ಞೆ

ಈ ಪುಸ್ತಕಗಳನ್ನು ಕೈಯಿಂದ ತೆರೆದು ತಿದ್ದಬಾರದು. ಒಂದು ಚುಕ್ಕಿ ತಪ್ಪಿದರೂ ಯಾರೂ ಒಳಗೆ ಹೋಗಲಾರದ ಸ್ಥಿತಿ ಬಂದೀತು. ತಿದ್ದುವುದಕ್ಕೆಂದೇ 'ಯೂಸರ್‌ಮಾಡ್' ಎಂಬ ಆಜ್ಞೆ ಇದೆ. ಕಪ್ಪು ಪರದೆಯ ಮೇಲೆ ಮೊದಲು ಆಜ್ಞೆಯ ಹೆಸರು, ಆಮೇಲೆ ಒಂದು ಅಡ್ಡಗೆರೆ ಮತ್ತು ಏನು ಬದಲಿಸಬೇಕೆಂದು ಹೇಳುವ ಒಂದು ಅಕ್ಷರ, ಕೊನೆಗೆ ಯಾರ ಖಾತೆ ಎಂಬ ಹೆಸರು, ಹೀಗೆ ಬರೆಯುವುದು. ಯಜಮಾನನ ಹಕ್ಕು ಬೇಕಾದುದರಿಂದ ಮುಂದೆ 'ಸುಡೊ' ಎಂದು ಸೇರಿಸುತ್ತೇವೆ. ಟೈಪು ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ.

ಅಕ್ಷರ ಸಣ್ಣದೋ ದೊಡ್ಡದೋ ಎಂಬುದನ್ನು ಎರಡು ಸಲ ನೋಡತಕ್ಕದ್ದು. ಸಣ್ಣ 'ಎಲ್' ಹಾಕಿದರೆ ಹೆಸರು ಬದಲಾಗುತ್ತದೆ, ದೊಡ್ಡ 'ಎಲ್' ಹಾಕಿದರೆ ಪಾಸ್‌ವರ್ಡಿಗೆ ಕೀಲಿ ಬೀಳುತ್ತದೆ. ಬೋರ್ಡೋ ದ್ರಾವಣ ಮಾಡುವಾಗ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸುರಿಯಬೇಕೇ ಹೊರತು ಇದಕ್ಕೆ ಅದನ್ನಲ್ಲ ಎಂದು ನಾವೆಲ್ಲ ಕಲಿತಿದ್ದೇವಷ್ಟೆ. ಸಾಮಾನು ಎರಡೂ ಅವೇ, ಕ್ರಮ ತಪ್ಪಿದರೆ ಔಷಧ ಕೆಡುತ್ತದೆ. ಇದೂ ಹಾಗೆಯೇ.

ಯಾವುದನ್ನು ಬದಲಿಸುವ ಮೊದಲೂ ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಬೇಕು. 'ಐಡಿ' ಎಂದು ಬರೆದು ಹೆಸರು ಕೊಟ್ಟರೆ ಆ ವ್ಯಕ್ತಿಯ ನಂಬರು ಮತ್ತು ಗುಂಪುಗಳು ಪರದೆಯ ಮೇಲೆ ಬರುತ್ತವೆ. ಅದನ್ನು ನಾವು ಈಗ ಒಂದು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆದು ರುಜು ಹಾಕುತ್ತೇವೆ.

ಹೊಸ ಜವಾಬ್ದಾರಿ ಕೊಡುವಾಗ: ನಮ್ಮ ಎರಡನೆಯ ತಪ್ಪು

ನಮ್ಮ ಯಂತ್ರದಲ್ಲಿ 'ತೂಕ' ಎಂಬ ಗುಂಪಿನವರು ತೂಕದ ಪುಸ್ತಕವನ್ನೂ 'ಲೆಕ್ಕ' ಎಂಬ ಗುಂಪಿನವರು ಜಮಾಖರ್ಚನ್ನೂ ತೆರೆಯಬಲ್ಲರು. ಮೇಲೆ ಹೇಳಿದ ಗುಮಾಸ್ತರು ಹೋದ ಮೇಲೆ, ತೂಕದ ಮನೆಯ ಹುಡುಗನಿಗೆ ಲೆಕ್ಕದ ಕೆಲಸವನ್ನೂ ವಹಿಸಿದೆವು. ಅವನ ಖಾತೆಯನ್ನು ಇಲ್ಲಿ 'ಬಸವ' ಎಂದು ಕರೆಯೋಣ. ನಾವು ಬರೆದ ಆಜ್ಞೆ ಇದು:

ಸುಡೊ ಯೂಸರ್‌ಮಾಡ್ -ಜಿ ಲೆಕ್ಕ ಬಸವ

ಇಲ್ಲಿ 'ಜಿ' ದೊಡ್ಡ ಅಕ್ಷರ. ಲೆಕ್ಕದ ಗುಂಪಿಗೆ ಸೇರಿಸಿದೆವೆಂದು ತಿಳಿದು ಮನೆಗೆ ಹೋದೆವು. ಆದರೆ ಯಂತ್ರಕ್ಕೆ ಇದರ ಅರ್ಥ ಬೇರೆ. "ಮುಖ್ಯ ಗುಂಪನ್ನು ಬಿಟ್ಟು ಬಸವನ ಉಳಿದ ಗುಂಪು ಲೆಕ್ಕ ಒಂದೇ, ಈ ಪಟ್ಟಿಯಲ್ಲಿ ಇಲ್ಲದುದನ್ನೆಲ್ಲ ತೆಗೆದುಹಾಕು" ಎಂದೇ ಅದು ಓದಿಕೊಳ್ಳುತ್ತದೆ. ಮರುದಿನ ಅಡಿಕೆ ಆವಕದ ದಿನ. ಅಂಗಳದಲ್ಲಿ ಚೀಲಗಳ ಸಾಲು, ತೂಕದ ಪುಸ್ತಕ ಮಾತ್ರ ತೆರೆಯಲೊಲ್ಲದು. ಕಾರಣ ತಿಳಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಲ್ಲಿಯವರೆಗೆ ಕೈಬರಹದ ಚೀಟಿ ಕೊಟ್ಟೆವು. ಬಿಸಿಲಿನಲ್ಲಿ ಕಾದ ಸದಸ್ಯರ ಕ್ಷಮೆಯನ್ನು ಈ ಮೂಲಕ ಕೇಳುತ್ತೇವೆ.

ಬರೆಯಬೇಕಾಗಿದ್ದ ಸರಿಯಾದ ರೂಪ ಹೀಗೆ:

ಸುಡೊ ಯೂಸರ್‌ಮಾಡ್ -ಎ -ಜಿ ಲೆಕ್ಕ ಬಸವ

ಸಣ್ಣ 'ಎ' ಎಂದರೆ "ಇರುವುದರ ಜೊತೆಗೆ ಸೇರಿಸು" ಎಂದರ್ಥ. ಆ ಒಂದು ಅಕ್ಷರಕ್ಕೆ ನಾವು ಅರ್ಧ ದಿನದ ಬೆಲೆ ತೆತ್ತೆವು. ನಾಳೆ ಯಾರಾದರೂ ಕಾರ್ಯದರ್ಶಿ ಇದೇ ತಪ್ಪನ್ನು ತಮ್ಮದೇ ಖಾತೆಯ ಮೇಲೆ ಮಾಡಿದರೆ ಇನ್ನೂ ಕಷ್ಟ. ಸುಡೊ ಬಳಸುವ ಹಕ್ಕು ಬರುವುದೂ ಒಂದು ಗುಂಪಿನಿಂದಲೇ. ಉಬುಂಟು, ಡೆಬಿಯನ್‌ಗಳಲ್ಲಿ ಆ ಗುಂಪಿನ ಹೆಸರು 'ಸುಡೊ', ಫೆಡೋರಾ ಮತ್ತು ರೆಡ್‌ಹ್ಯಾಟ್‌ಗಳಲ್ಲಿ 'ವೀಲ್'. ಅದರಿಂದ ಹೊರಬಿದ್ದರೆ ತಪ್ಪನ್ನು ತಿದ್ದುವ ಹಕ್ಕೂ ಜೊತೆಯಲ್ಲೇ ಹೋಗುತ್ತದೆ.

ಇನ್ನೊಂದು ಸಂಗತಿ. ಹೊಸ ಗುಂಪಿನ ಹಕ್ಕು ಸಿಗುವುದು ಆ ವ್ಯಕ್ತಿ ಹೊರಬಂದು ಮತ್ತೆ ಪ್ರವೇಶಿಸಿದ ಮೇಲೆ. "ಸೇರಿಸಿದರೂ ಆಗಲಿಲ್ಲ" ಎಂದು ಮತ್ತೆ ಮತ್ತೆ ಆಜ್ಞೆ ಕೊಡುತ್ತ ಕೂರಬೇಕಾಗಿಲ್ಲ. ಒಂದು ಗುಂಪಿನಿಂದ ಮಾತ್ರ ತೆಗೆಯಬೇಕಾದರೆ 'ಜಿಪಾಸ್‌ಡಬ್ಲ್ಯುಡಿ' ಎಂಬ ಆಜ್ಞೆಗೆ ಸಣ್ಣ 'ಡಿ' ಸೇರಿಸಿ, ಮೊದಲು ವ್ಯಕ್ತಿಯ ಹೆಸರನ್ನೂ ಆಮೇಲೆ ಗುಂಪಿನ ಹೆಸರನ್ನೂ ಕೊಡುವುದು.

ಬಿಟ್ಟು ಹೋದವರ ಖಾತೆಗೆ ಕೀಲಿ

ಈಗ ಸಭೆಯಲ್ಲಿ ಬಂದ ಪ್ರಶ್ನೆಗೆ ನೇರ ಉತ್ತರ. ದೊಡ್ಡ 'ಎಲ್' ಕೊಟ್ಟರೆ ಶ್ಯಾಡೋ ಪುಸ್ತಕದಲ್ಲಿ ಗುಪ್ತರೂಪದ ಪಾಸ್‌ವರ್ಡಿನ ಆರಂಭದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಬೀಳುತ್ತದೆ. ಆಮೇಲೆ ಯಾವ ಪಾಸ್‌ವರ್ಡ್ ಕೊಟ್ಟರೂ ತಾಳೆಯಾಗುವುದಿಲ್ಲ. ದೊಡ್ಡ 'ಯು' ಕೊಟ್ಟರೆ ಆ ಚಿಹ್ನೆ ಹೋಗಿ ಮೊದಲಿನಂತೆ ಆಗುತ್ತದೆ.

ಇಷ್ಟಕ್ಕೇ ನಿಶ್ಚಿಂತರಾಗಕೂಡದು. ದೂರದಿಂದ ಯಂತ್ರಕ್ಕೆ ಬರುವವರು 'ಎಸ್‌ಎಸ್‌ಎಚ್' ಎಂಬ ದಾರಿಯಲ್ಲಿ ಪಾಸ್‌ವರ್ಡ್ ಇಲ್ಲದೆ, ಕೀಲಿಕೈಯ ಫೈಲಿನ ಬಲದಿಂದಲೂ ಬರಬಲ್ಲರು. ದೊಡ್ಡ 'ಎಲ್' ಮುಚ್ಚುವುದು ಪಾಸ್‌ವರ್ಡಿನ ಮುಂಬಾಗಿಲನ್ನು. ಕೀಲಿಕೈ ಫೈಲಿನ ಹಿತ್ತಿಲ ಬಾಗಿಲು ತೆರೆದೇ ಉಳಿಯಬಹುದು. ಆದುದರಿಂದ ಖಾತೆಯ ಅವಧಿಯನ್ನೂ ಮುಗಿಸಬೇಕು. ಅದಕ್ಕೆ ಸಣ್ಣ 'ಇ' ಕೊಟ್ಟು ಮುಂದೆ 1 ಎಂದು ಬರೆಯುವುದು:

ಸುಡೊ ಯೂಸರ್‌ಮಾಡ್ -ಎಲ್ -ಇ 1 ಹಳೆಯಹೆಸರು

ಈ 1 ಎಲ್ಲಿಂದ ಬಂತು? ಯುನಿಕ್ಸ್ ಮನೆತನದ ಯಂತ್ರಗಳು ದಿನಗಳನ್ನು 1970ರ ಜನವರಿ 1ರಿಂದ ಎಣಿಸುತ್ತವೆ. 1 ಎಂದರೆ ಅದರ ಮರುದಿನ. ಖಾತೆಯ ಅವಧಿ ಎಂದೋ ಮುಗಿದುಹೋಗಿದೆ ಎಂದು ಹೇಳಿದಂತಾಯಿತು. ಆಮೇಲೆ 'ಪಾಸ್‌ಡಬ್ಲ್ಯುಡಿ' ಆಜ್ಞೆಗೆ ದೊಡ್ಡ 'ಎಸ್' ಸೇರಿಸಿ ಹೆಸರು ಕೊಟ್ಟರೆ ಕೀಲಿ ಬಿದ್ದಿದೆಯೇ ಎಂಬುದೂ, 'ಚೇಜ್' ಎಂಬ ಆಜ್ಞೆಗೆ ಸಣ್ಣ 'ಎಲ್' ಸೇರಿಸಿ ಕೊಟ್ಟರೆ ಅವಧಿಯ ದಿನಾಂಕವೂ ಕಾಣುತ್ತದೆ. ಎರಡನ್ನೂ ನೋಡಿಯೇ ನೋಟುಪುಸ್ತಕದಲ್ಲಿ ಬರೆಯಬೇಕು.

ಅವಧಿಯ ಈ ಸೌಲಭ್ಯ ಸುಗ್ಗಿಯ ಕಾಲದ ತಾತ್ಪೂರ್ತಿಕ ನೌಕರರಿಗೂ ಬಹಳ ಉಪಯೋಗ. ಕೆಲಸಕ್ಕೆ ಸೇರಿದ ದಿನವೇ ಕೊನೆಯ ದಿನವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ನಡುವೆ ಅಡ್ಡಗೆರೆ ಹಾಕಿ ಬರೆದಿಟ್ಟರೆ ಮರೆಯುವ ಮಾತೇ ಇಲ್ಲ. ಅಲ್ಲಿ ಬರೆದ ದಿನದಂದೇ ಖಾತೆ ನಿಲ್ಲುತ್ತದೆ. ಆದ್ದರಿಂದ ಮಾರ್ಚ್ 31ರವರೆಗೆ ಕೆಲಸವಿದ್ದರೆ ಏಪ್ರಿಲ್ 1 ಎಂದು ಬರೆಯಬೇಕು. ಇನ್ನೂ ಒಂದು ಎಚ್ಚರ: ಆಗಲೇ ಒಳಗೆ ಕುಳಿತವರನ್ನು ಈ ಆಜ್ಞೆಗಳು ಎಬ್ಬಿಸಿ ಕಳಿಸುವುದಿಲ್ಲ. ಹೊಸದಾಗಿ ಬರುವುದನ್ನು ತಡೆಯುತ್ತವೆ, ಅಷ್ಟೆ. ಮೊದಲು ಅವರ ಕೆಲಸ ಮುಗಿಸಿ ಹೊರಬರಲು ಹೇಳಿ, ಆಮೇಲೆ ಕೀಲಿ ಹಾಕುವುದು ಕ್ರಮ.

ಹೆಸರು ಬದಲಿಸುವುದು

ಪೂರ್ಣ ಹೆಸರಿನ ಕಾಗುಣಿತ ತಪ್ಪಿದ್ದರೆ ಸಣ್ಣ 'ಸಿ' ಕೊಟ್ಟು ತಿದ್ದಬಹುದು. ಇದರಿಂದ ಯಾವ ಬಾಧಕವೂ ಇಲ್ಲ. ಪ್ರವೇಶದ ಹೆಸರನ್ನೇ ಬದಲಿಸುವುದಕ್ಕೆ ಸಣ್ಣ 'ಎಲ್', ಮುಂದೆ ಹೊಸ ಹೆಸರು, ಕೊನೆಗೆ ಹಳೆಯ ಹೆಸರು. ಆದರೆ ಹೆಸರು ಬದಲಾದ ಮಾತ್ರಕ್ಕೆ ಫೈಲುಗಳ ಮನೆಯ ಬಾಗಿಲ ಮೇಲಿನ ಹೆಸರು ಬದಲಾಗುವುದಿಲ್ಲ. ಅದಕ್ಕೆ ಸಣ್ಣ 'ಡಿ' ಕೊಟ್ಟು ಹೊಸ ಮನೆಯ ದಾರಿಯನ್ನು ಬರೆಯಬೇಕು, ಸಾಮಾನು ಸಾಗಿಸಲು ಸಣ್ಣ 'ಎಂ' ಕೂಡ ಕೊಡಬೇಕು. 'ಎಂ' ಮರೆತರೆ ವಿಳಾಸ ಹೊಸದು, ಸಾಮಾನೆಲ್ಲ ಹಳೆಯ ಮನೆಯಲ್ಲಿ ಎಂಬಂತಾಗುತ್ತದೆ. ಆ ವ್ಯಕ್ತಿಯ ಕೆಲಸ ಯಂತ್ರದಲ್ಲಿ ನಡೆಯುತ್ತಿರುವಾಗ ಹೆಸರು, ನಂಬರು, ಮನೆ ಬದಲಿಸಲು ಯಂತ್ರವೇ ಒಪ್ಪುವುದಿಲ್ಲ. ಅದು ಒಳ್ಳೆಯದೇ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಹಳೆಯ ಗುಮಾಸ್ತರ ಖಾತೆಗೇ ಹೊಸಬರ ಹೆಸರು ಕೊಟ್ಟರೆ ಕೆಲಸ ಸುಲಭವಲ್ಲವೇ? ಸುಲಭ ಹೌದು, ಸರಿಯಲ್ಲ. ನಂಬರು ಅದೇ ಉಳಿಯುವುದರಿಂದ ಹಳಬರು ಬರೆದ ಫೈಲುಗಳೆಲ್ಲ ಮರುಗಳಿಗೆಯಿಂದ ಹೊಸಬರ ಹೆಸರಿನಲ್ಲಿ ಕಾಣುತ್ತವೆ. ಹೊಲದ ವಾರಸದಾರರು ಸಾಲ ಸೋಲಗಳನ್ನೂ ಹೊತ್ತುಕೊಳ್ಳುವುದು ಸರಿ. ನಿನ್ನೆ ಬಂದ ಗುಮಾಸ್ತರು ಹಿಂದಿನವರ ಸರಿ ತಪ್ಪುಗಳನ್ನು ಹೊರಬೇಕೆಂಬುದು ಯಾವ ನ್ಯಾಯ? ಹೊಸ ವ್ಯಕ್ತಿಗೆ ಹೊಸ ಖಾತೆ, ಹೊಸ ನಂಬರು. ಹೆಸರು ಬದಲಿಸುವ ಆಜ್ಞೆ ಇರುವುದು ಅದೇ ವ್ಯಕ್ತಿಯ ಹೆಸರು ಬದಲಾದಾಗ ಉಪಯೋಗಿಸಲಿಕ್ಕೆ.

ಅಳಿಸಿಬಿಡಬಾರದೇ?

ಸಭೆಯಲ್ಲಿ ಕೆಲವರು "ಹೆಸರನ್ನೇ ಅಳಿಸಿಬಿಡಿ, ಪೀಡೆ ಹೋಗಲಿ" ಎಂದರು. 'ಯೂಸರ್‌ಡೆಲ್' ಎಂಬ ಆಜ್ಞೆಯಿಂದ ಅಳಿಸಬಹುದು, ನಿಜ. ಆದರೆ ಸಾಲು ಅಳಿದರೂ ಮನೆಯ ಹೊರಗೆ ಅವರು ಬರೆದ ಫೈಲುಗಳು ಉಳಿಯುತ್ತವೆ. ಅವುಗಳ ಮೇಲೆ ಹೆಸರಿನ ಬದಲು ಬರಿಯ ನಂಬರು, ಉದಾಹರಣೆಗೆ 1004 ಎಂದು, ಕಾಣುತ್ತದೆ. ಮುಂದೆ ಬರುವ ಹೊಸ ನೌಕರರಿಗೆ ಯಂತ್ರ ಅದೇ 1004ನ್ನು ಕೊಟ್ಟಿತೆನ್ನಿ. ಆಗ ಹಳಬರ ಕಾಗದಗಳೆಲ್ಲ ಕೇಳದೆಯೇ ಹೊಸಬರ ಸ್ವತ್ತಾಗುತ್ತವೆ. ಸ್ವರ್ಗಸ್ಥರಾದ ಸದಸ್ಯರ ಸದಸ್ಯತ್ವ ಸಂಖ್ಯೆಯನ್ನು ಸಂಬಂಧವಿಲ್ಲದ ಇನ್ನೊಬ್ಬರಿಗೆ ಕೊಟ್ಟರೆ ಷೇರು ಪುಸ್ತಕದ ಗತಿ ಏನಾದೀತು? ಅದೇ ಗತಿ ಇಲ್ಲಿಯೂ.

ನಂಬರು ಬದಲಿಸಲು ಸಣ್ಣ 'ಯು' ಇದೆ. ಅದನ್ನು ಕೊಟ್ಟರೆ ಆ ವ್ಯಕ್ತಿಯ ಮನೆಯೊಳಗಿನ ಫೈಲುಗಳು ತಾವಾಗಿ ಹೊಸ ನಂಬರಿಗೆ ಬರುತ್ತವೆ. ಮನೆಯ ಹೊರಗಿನವನ್ನು ನಾವೇ ಹುಡುಕಿ ಬದಲಿಸಬೇಕು. ಅನಿವಾರ್ಯವಿಲ್ಲದೆ ಅದನ್ನು ಮುಟ್ಟದಿರುವುದೇ ಲೇಸು. ಬಿಟ್ಟು ಹೋದವರ ಖಾತೆಗೆ ಕೀಲಿ ಹಾಕಿ ಇಡಿ, ಅಳಿಸಬೇಡಿ. ಲೆಕ್ಕ ತಪಾಸಣೆ ಮುಗಿದು, ಮನೆಯ ಫೈಲುಗಳ ಪ್ರತಿ ತೆಗೆದಿಟ್ಟು, ಆಡಳಿತ ಮಂಡಳಿ ಠರಾವು ಮಾಡಿದ ಮೇಲೆ ಆ ಮಾತು.

ನೆರೆಯ ಸಂಘದವರಿಗೆ ಎರಡು ಮಾತು

ನಾವು ಮೇಲೆ ಹೇಳಿದುದು ಲಿನಕ್ಸ್‌ಗೆ ಅನ್ವಯ. ಅದೇ ಮನೆತನದ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯಲ್ಲಿ ಈ ಕೆಲಸ 'ಪಿಡಬ್ಲ್ಯು' ಎಂಬ ಆಜ್ಞೆಯ ಮೂಲಕ ನಡೆಯುತ್ತದೆ, ಅಕ್ಷರಗಳ ಅರ್ಥವೂ ಎಲ್ಲ ಕಡೆ ಒಂದೇ ಅಲ್ಲ. 'ಮ್ಯಾನ್' ಎಂದು ಬರೆದು ಆಜ್ಞೆಯ ಹೆಸರು ಕೊಟ್ಟರೆ ಅದರ ವಿವರಣೆ ಪರದೆಯ ಮೇಲೆ ಬರುತ್ತದೆ. ಓದಿಯೇ ಮುಂದುವರಿಯಿರಿ.

2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಕಂಪ್ಯೂಟರೀಕರಿಸಲು ಒಪ್ಪಿಗೆ ಕೊಟ್ಟಿತು. ಹೀಗೆ ಹೊಸದಾಗಿ ಕಂಪ್ಯೂಟರು ಕಂಡ ಸಂಘಗಳು ಒಂದನ್ನು ನೆನಪಿಡಬೇಕು. ಲೆಕ್ಕದ ತಂತ್ರಾಂಶದಲ್ಲಿ ಬಳಕೆದಾರರ ಪಟ್ಟಿ ಬೇರೆ, ಯಂತ್ರದಲ್ಲಿ ಬೇರೆ. ಒಂದನ್ನು ಮುಚ್ಚಿದರೆ ಇನ್ನೊಂದು ಮುಚ್ಚುವುದಿಲ್ಲ. ಎರಡು ಕಡೆಯೂ ನೋಡತಕ್ಕದ್ದು.

ಆಡಳಿತ ಮಂಡಳಿ ಒಪ್ಪಿದ ಕ್ರಮ

1. ನೌಕರರು ಬಿಡುವ ದಿನ, ತಿಜೋರಿಯ ಕೀಲಿಕೈ ಪಡೆಯುವ ಹೊತ್ತಿನಲ್ಲೇ ಕಂಪ್ಯೂಟರಿನ ಖಾತೆಗೆ ಕೀಲಿ ಹಾಕಿ ಅವಧಿ ಮುಗಿಸುವುದು.

2. ಒಬ್ಬರ ಖಾತೆಯನ್ನು ಇನ್ನೊಬ್ಬರಿಗೆ ಕೊಡದಿರುವುದು, ಪಾಸ್‌ವರ್ಡನ್ನು ಹಂಚಿಕೊಳ್ಳದಿರುವುದು. ಕಾರ್ಯದರ್ಶಿಗೂ ಇದು ಅನ್ವಯ.

3. ಗುಂಪಿಗೆ ಸೇರಿಸುವಾಗ ಸಣ್ಣ 'ಎ' ಇದೆಯೇ ಎಂದು ಇಬ್ಬರು ನೋಡುವುದು. ಆವಕದ ಹಿಂದಿನ ಸಂಜೆ ಯಾವ ಬದಲಾವಣೆಯನ್ನೂ ಮಾಡದಿರುವುದು.

4. ಬದಲಾವಣೆಯ ಮುಂಚೆ ಮತ್ತು ನಂತರದ ಸ್ಥಿತಿಯನ್ನು ನೋಟುಪುಸ್ತಕದಲ್ಲಿ ಬರೆದು ಕಾರ್ಯದರ್ಶಿ ಮತ್ತು ಒಬ್ಬ ನಿರ್ದೇಶಕರು ರುಜು ಹಾಕುವುದು. ಸದಸ್ಯರು ಕೇಳಿದರೆ ತೋರಿಸುವುದು.

5. ಮೂರು ತಿಂಗಳಿಗೊಮ್ಮೆ ಖಾತೆಗಳ ಪಟ್ಟಿಯನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡುವುದು.

ಸಂಶಿಯಿಂದ ಗದಗಿನ ಕಡೆ ಹೋದರೆ ಕಣಗಿನಹಾಳ ಸಿಗುತ್ತದೆ. ಈಗ ಗದಗ ಜಿಲ್ಲೆ, ಆಗ ಧಾರವಾಡ ಜಿಲ್ಲೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಆ ಊರಿನಲ್ಲಿ. ಒಂದು ಹಳ್ಳಿಯ ಆ ಕಾಲದ ಸಂಘದಲ್ಲಿ ಪುಸ್ತಕ ಯಾರ ಕೈಯಲ್ಲಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಇಂದು ಪುಸ್ತಕ ಪೆಟ್ಟಿಗೆಯೊಳಗಿದೆ, ಕೈ ಕಾಣುವುದಿಲ್ಲ. ಆದ್ದರಿಂದ ಕೇಳುವ ಸದಸ್ಯರು ಬೇಕು. ಮುಂದಿನ ಮಹಾಸಭೆಯಲ್ಲಿ ಅದೇ ಹಿರಿಯರು ಎದ್ದು ಅದೇ ಪ್ರಶ್ನೆಯನ್ನು ಮತ್ತೆ ಕೇಳಲೆಂದು ಕೋರುತ್ತೇವೆ. ನೋಟುಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಿರುತ್ತೇವೆ.

— ಕಾರ್ಯದರ್ಶಿ